ಎರಡು ಬೆರಳು ಎತ್ತರ

ಶಹಾಪುರ
೧೪ ಡಿಸೆಂಬರ್ ೨೦೨೫

ಪ್ರೀತಿಯ ಅಣ್ಣಾ,

ಆರಾಮಿದ್ದೀಯಾ? ಡೆಹ್ರಾಡೂನಿನ ಚಳಿ ತಡೆದುಕೊಳ್ಳಲಾಗುತ್ತದೆಯೇ? ಶಿಬಿರದಲ್ಲಿ ನಿನ್ನ ಫೋನು ತೆಗೆದಿಟ್ಟುಕೊಂಡಾಗಿನಿಂದ ಅವ್ವನಿಗೆ ಒಂದೇ ಚಿಂತೆ, "ಕೂಸಿಗೆ ರೊಟ್ಟಿ ಸಿಗತಾವೊ ಇಲ್ಲೊ" ಎಂದು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನು ಮಾತ್ರ ಅಷ್ಟೊಂದು ಚೆನ್ನಾಗಿಲ್ಲ.

ಹೋದ ವಾರ ನಮ್ಮ ಕೋಚ್ ಶಾಂತಕುಮಾರ ಸರ್ ಅಲ್ಲಿಂದ ವಿಡಿಯೊ ಕಳಿಸಿದ್ದರು. ಐಸಿನ ಮೇಲೆ ನೀನು ಆ ಹೈದರಾಬಾದಿನ ನುಜ್ಹತಳನ್ನು ತಲೆಯ ಮೇಲಕ್ಕೆ ಎತ್ತಿ ತಿರುಗಿಸುತ್ತಿದ್ದೆ. ಅವ್ವ ಓಣಿಯವರನ್ನೆಲ್ಲ ಕರೆದು, "ಹೂವು ಎತ್ತಿದಂಗ ಎತ್ತ್ಯಾನ ನೋಡ್ರಿ" ಎಂದು ತೋರಿಸಿದಳು. ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಒಂದೂ ದುಂಡಗಾಗಲಿಲ್ಲ. ಅವಳ ಮನೆಯವರು ಅವಳನ್ನು ಪರ ಹುಡುಗನ ಜೊತೆ ಆಡಲು ಬಿಟ್ಟರಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಆರು ವರ್ಷ ಹತ್ತಿ ಮಿಲ್ಲಿನ ಸಿಮೆಂಟು ಅಂಗಳದಲ್ಲಿ, ಗಾಡಿಗಳು ಬರುವ ಮುಂಚೆ, ಗಾಲಿಯ ಸ್ಕೇಟ್ ಕಟ್ಟಿಕೊಂಡು ನಿನ್ನ ಜೊತೆ ಬಿದ್ದು ಎದ್ದವಳು ನಾನು. ಜೋಡಿ ಸ್ಕೇಟಿಂಗ್ ನಮ್ಮ ದೇಶದಲ್ಲಿ ಯಾಕೆ ಬೆಳೆಯಲಿಲ್ಲ ಎಂದು ಸರ್ ಹೇಳುತ್ತಿದ್ದರಲ್ಲ: ಐಸಿನ ಅಂಗಳವಿಲ್ಲ, ಎತ್ತುವುದನ್ನು ಕಲಿಸುವವರಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಜೋಡಿಯೇ ಸಿಗುವುದಿಲ್ಲ. ಪಕ್ಕದ ಮನೆಯ ಸುಂದ್ರಮ್ಮನೂ ಅಂದಿದ್ದಳು, "ಅಣ್ಣನ ಕೈ ಅಂತ ಸುಮ್ಮನಿದ್ದೀವಿ. ಪರಗಂಡಸಿನ ಕೈ ಹಿಡದಿದ್ರ ಊರು ಬಿಡತಿತ್ತೇನು?" ಹಾಗಾಗಿ ಅಣ್ಣ ತಂಗಿಯರೇ ಜೋಡಿಯಾಗಬೇಕು. ಆದರೆ ಹದಿನೈದಕ್ಕೇ ತಂಗಿ ಅಣ್ಣನಿಗಿಂತ ಎರಡು ಬೆರಳು ಎತ್ತರ ಬೆಳೆದುಬಿಟ್ಟರೆ? ಯಾದಗಿರಿಯಲ್ಲಿ ಆಯ್ಕೆಯ ದಿನ ನಮ್ಮಿಬ್ಬರನ್ನೂ ಗೋಡೆಗೆ ನಿಲ್ಲಿಸಿ ಅಳೆಯುವಾಗ ನಾನು ಮೊಣಕಾಲು ಬಗ್ಗಿಸಿದ್ದೆ. "ನೆಟ್ಟಗ ನಿಂದರು, ಗುರುದೇವಿ" ಎಂದರು ಸರ್, ಅಳೆದು ನಿನ್ನ ಹೆಸರನ್ನಷ್ಟೇ ಬರೆದುಕೊಂಡರು. ನೀನು ತಲೆ ತಗ್ಗಿಸಿದೆ. "ಆಕಿ ಇಲ್ದ ನಾ ಒಲ್ಲೆ" ಎಂದು ಒಂದು ಮಾತು ಅನ್ನಬಹುದಿತ್ತು, ಅಣ್ಣಾ.

ಡೆಹ್ರಾಡೂನಿಗೆ ಹೊರಡುವ ಮೊದಲು ಸರ್ ನನಗೊಬ್ಬ ಜೋಡಿ ಹುಡುಕಲು ಸುರಪುರಕ್ಕೂ ಹೋಗಿದ್ದರು. ಬಸಲಿಂಗ ಎಂಬ ಎತ್ತರದ ಹುಡುಗ ಸಿಕ್ಕ. "ನಮ್ಮ ಹುಡುಗ ಕಬಡ್ಡಿ ಆಡ್ತಾನ್ರಿ, ಹುಡುಗಿ ಸಂಗಟ ಕುಣಿಯಾಂಗಿಲ್ಲ" ಎಂದರಂತೆ ಅವನಪ್ಪ. ಈಗ ನಾನೊಬ್ಬಳೇ ಸುತ್ತು ಹಾಕುತ್ತೇನೆ. ತಿರುವು ಬಂದರೆ ಕೈ ತಾನಾಗಿ ಪಕ್ಕಕ್ಕೆ ಚಾಚುತ್ತದೆ.

ಅಪ್ಪ ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ ತಂಗಿ,
ಗುರುದೇವಿ

ತಾ.ಕ.: ಹೋದ ವರ್ಷ ಜಾರಿದ ನಿನ್ನ ಎಡ ಭುಜ, ಎತ್ತಿ ತಿರುಗಿಸುವಾಗ ಮೂರನೇ ಸುತ್ತಿನಲ್ಲಿ ಸೋಲುತ್ತದೆ. ಅದು ಗೊತ್ತಿದ್ದೇ ನಾನು ಭಾರವನ್ನು ಬಲಕ್ಕೆ ಹಾಕಿ ಬೇಗ ಇಳಿದುಬಿಡುತ್ತಿದ್ದೆ. ನುಜ್ಹತಳಿಗೆ ಗೊತ್ತಿಲ್ಲ, ನೀನು ಹೇಳುವವನೂ ಅಲ್ಲ. ಒಂದು ವಾರ ನಾನೂ ಸುಮ್ಮನಿದ್ದೆ, ಅವಳು ಬೀಳಲಿ ಎಂದು. ಇವತ್ತು ಬೆಳಿಗ್ಗೆ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವಳನ್ನು ಉಳಿಸಲೆಂದು ಹೇಳಿದೆನೋ, ನೀನು ವಾಪಸು ಬರಲೆಂದು ಹೇಳಿದೆನೋ, ನನಗೇ ಖಾತ್ರಿಯಿಲ್ಲ.