ನನ್ನ ಮಗಳನ್ನು ನಾನು ಸಾಕುತ್ತಿಲ್ಲ

ವಿದ್ಯಾರ್ಥಿಗಳ ತೆರಿಗೆ ರಿಯಾಯಿತಿ ಅರ್ಜಿಗಳನ್ನು ಭೂತಗನ್ನಡಿ ಹಿಡಿದು ಓದುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಅನಸೂಯಾಳ 2014ರ ಸಾಲಿನ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ಕಾರಣ ಒಂದೇ: ನೀವು ನನ್ನ ಮಾತನ್ನು ನಂಬಿದಿರಿ. ನನ್ನ ತಕರಾರೂ ಅದೇ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯೇ ನಂಬದ ಮನುಷ್ಯನನ್ನು, ಮುಖವನ್ನೂ ನೋಡದ ನೀವು ಯಾವ ಧೈರ್ಯದ ಮೇಲೆ ನಂಬಿದಿರಿ?

ನಿಮಗೆ ಗೊತ್ತಿರುವ ಸಂಗತಿಯನ್ನೇ ಈ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ಅನಸೂಯಾ ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಓದುತ್ತಾಳೆ. ವಾರಕ್ಕೆ ಮೂರು ದಿನ ಅಲ್ಲಿಯ ವೃದ್ಧಾಶ್ರಮವೊಂದರಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸಿ, ಉಣಿಸಿ, ಅವರ ಮೊಮ್ಮಕ್ಕಳ ಫೋಟೋಗಳನ್ನು ಹದಿನೈದನೇ ಸಲ ನೋಡಿ ಮೆಚ್ಚಿ ಸಂಬಳ ತರುತ್ತಾಳೆ. ಆ ಸಂಬಳದಲ್ಲೇ ಫೀಸು, ಪುಸ್ತಕ, ರೆಂಟು ಎಲ್ಲ. ಮಾಡುವ ಕೆಲಸಕ್ಕೇ ಸಂಬಂಧಪಟ್ಟ ಓದಿನ ಖರ್ಚನ್ನು ಸ್ವಂತ ದುಡಿಮೆಯಲ್ಲಿ ಭರಿಸಿದವರಿಗೆ ರಿಯಾಯಿತಿ ಉಂಟೆಂದು ತಿಳಿದು ಆಕೆ ಕೇಳಿದಳು. ರಸೀದಿಗಳ ಮೇಲೆ ಸಿಡ್ನಿಯ ನಮ್ಮ ಮನೆಯ ವಿಳಾಸ ಕಂಡು ನಿಮಗೆ ಅನುಮಾನ ಬಂತು. ಈ ದುಡ್ಡು ನಿಜವಾಗಿ ಯಾರದು ಎಂದು ವಿಚಾರಿಸಿ ನನಗೊಂದು ಕಾಗದ ಕಳಿಸಿದಿರಿ.

ಆ ಕಾಗದವನ್ನು ನಾನು ಒಡೆದದ್ದು ಒಂದು ಶನಿವಾರ, ಇಲ್ಲೇ ಸಿಡ್ನಿಯ ಲಿವರ್‌ಪೂಲ್‌ನಿಂದ ಈರಯ್ಯನವರು ಚಹಾಕ್ಕೆ ಬಂದು ಕೂತಿದ್ದಾಗ. ಈರಯ್ಯನವರು ನಮ್ಮ ಹುಬ್ಬಳ್ಳಿ ಕಡೆಯ ಹಿರಿಯರು. ಅವರ ಕಿವಿಗೆ ಬಿದ್ದ ಸುದ್ದಿ ಸೋಮವಾರದೊಳಗೆ ಬ್ರಿಸ್ಬೇನ್ ಮುಟ್ಟುತ್ತದೆ. ಕನ್ನಡಕ ಏರಿಸಿ, ನನ್ನ ಹೆಗಲ ಮೇಲಿಂದ ಕಾಗದ ಓದಿ ಅವರು ಕೇಳಿದರು:

"ಏನ್ರೀ ಶಿವಪ್ರಕಾಶ, ಹುಡುಗಿ ತಾನ ದುಡದು ಓದಾಕತ್ತಾಳಂತಲ್ಲ? ನಿಮ್ಮ ನೌಕರಿಗೆ ಏನರ ತೊಂದ್ರಿ ಆಗೇತೇನು?"

ಮಾನ್ಯರೇ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ನಾರ್ವೆಸ್ಟ್‌ನಲ್ಲಿ ಆಫೀಸಿನ ಕುರ್ಚಿ, ಮನೆ ಮುಂದೆ ಎರಡು ಕಾರು, ಆ ಮನೆಗೆ ತಕ್ಕ ಮಾರ್ಟ್‌ಗೇಜು ಸಾಲ. ಇಷ್ಟೆಲ್ಲ ಇಟ್ಟುಕೊಂಡು ಮಗಳನ್ನು ದುಡಿಯಲು ಬಿಟ್ಟವನೆಂದು ಹೇಗೆ ಒಪ್ಪಿಕೊಳ್ಳಲಿ? ಪೆನ್ನು ತಾನಾಗಿಯೇ ಓಡಿತು. ಮಗಳ ಫೀಸು, ಪುಸ್ತಕ, ಊಟ, ವಸತಿ ಸಕಲವೂ ನನ್ನದೇ, ಆಕೆಗೆ ಯಾವ ಕೊರತೆಯನ್ನೂ ಮಾಡಿಲ್ಲ ಎಂದು ಬರೆದು ಸಹಿ ಹಾಕಿದೆ. ಈರಯ್ಯನವರು ಓದಿ, ತಲೆದೂಗಿ, ಎರಡನೇ ಕಪ್ ಚಹಾ ಕುಡಿದರು. ಲಕೋಟೆಯನ್ನು ಅಂಚೆಗೆ ಹಾಕುವ ಉಪಕಾರವನ್ನೂ ಅವರೇ ಮಾಡಿದರು.

ನಿಮ್ಮಲ್ಲಿ ಇದಕ್ಕೆ ಹೇಳಿಕೆ ಎನ್ನುತ್ತಾರೆ. ನಮ್ಮಲ್ಲಿ ಇದು ಬಂದವರೆದುರು ಮರ್ಯಾದೆ ಉಳಿಸಿಕೊಳ್ಳುವ ಮಾತು. ಹೊಟ್ಟೆ ಹಸಿದು ಚುರುಗುಡುತ್ತಿದ್ದರೂ "ಊಟ ಆಗೇತ್ರಿ" ಎನ್ನುವ ಜನ ನಾವು. ಇಷ್ಟು ಶತಮಾನಗಳಲ್ಲಿ ಯಾರಾದರೂ ಅದಕ್ಕೆ ರಸೀದಿ ಕೇಳಿದ್ದುಂಟೇ?

ಕೊಡಲು ನಾನು ಪ್ರಯತ್ನಿಸಲಿಲ್ಲ ಎಂದಲ್ಲ. ಹೋದ ದೀಪಾವಳಿಗೆ ಮೆಲ್ಬರ್ನ್‌ಗೆ ಹೋದಾಗ, ಹೆಂಡತಿ ಹೇಮಲತಾ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿಯ ತಳದಲ್ಲಿ ನೂರರ ನಾಲ್ಕು ಹಸಿರು ನೋಟು ಅಡಗಿಸಿಟ್ಟು ಮಗಳಿಗೆ ಕೊಟ್ಟು ಬಂದೆ. ಯುಗಾದಿಗೆ ಆಕೆ ಮನೆಗೆ ಬಂದಾಗ ಡಬ್ಬಿಯೂ ಬಂತು. ಕೊಟ್ಟವರ ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು ತಾಯಿ ಕಲಿಸಿದ್ದಳಲ್ಲ, ಮೇಲೆ ಆಕೆ ಸ್ವಂತ ದುಡ್ಡಿನಲ್ಲಿ ಕೊಂಡ ಬಿಸ್ಕತ್ತು. ತಳದಲ್ಲಿ ನನ್ನ ಅವೇ ನಾಲ್ಕು ನೋಟು, ತುಪ್ಪದ ಜಿಡ್ಡು, ಏಲಕ್ಕಿ ವಾಸನೆ ಸಮೇತ.

ಇಂಥ ಹುಡುಗಿಗೆ, ತಪ್ಪು ಮಾಹಿತಿ ಕೊಟ್ಟಿದ್ದೀಯ ಎಂದು ನೀವು ಬರೆದಿರಿ. ಆಕೆ ಫೋನ್ ಮಾಡಿದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅಂದು ಕನ್ನಡದಲ್ಲಿ ಮಾತಾಡಿದಳು.

"ಅಪ್ಪಾ, ರೊಕ್ಕ ಹೋದ್ರ ಹೋಗ್ಲಿ, ಎಕ್ಸ್‌ಟ್ರಾ ಶಿಫ್ಟ್ ಮಾಡ್ತೀನಿ. ನಾ ಸುಳ್ಳು ಹೇಳೀನಿ ಅಂತ ಬರದಾರ. ಅದನ್ನ ಏನ್ ಮಾಡ್ಲಿ?"

ಹೆಚ್ಚಿನ ಶಿಫ್ಟಿಗೆ ಹೋದರೆ ಮುಂದಿನ ಸೆಮಿಸ್ಟರ್ ಬಿಡಬೇಕಾಗುತ್ತದೆ ಎಂಬುದನ್ನು ಆಕೆ ನನಗೆ ಹೇಳಲಿಲ್ಲ. ಹೇಮಲತಾ ಹೇಳಿದಳು, ಆ ವಾರ ನನ್ನೊಂದಿಗೆ ಆಡಿದ ಒಂದೇ ಮಾತಾಗಿ.

ಆದ್ದರಿಂದ ಮಾನ್ಯರೇ, ನನ್ನನ್ನು ನಂಬುವುದನ್ನು ಕೂಡಲೇ ನಿಲ್ಲಿಸಿ. ಆಕೆಯ ಸಂಬಳದ ಚೀಟಿ, ಬ್ಯಾಂಕಿನ ವಿವರ ನಿಮ್ಮ ಮೇಜಿನ ಮೇಲೇ ಇವೆ, ಅವನ್ನು ನಂಬಿ. ಅರ್ಜಿಯನ್ನು ಮತ್ತೆ ತೆರೆಯಿರಿ. ಸುಳ್ಳು ಹೇಳಿದವರ ಹೆಸರಿರುವಲ್ಲಿ ಆಕೆಯದನ್ನು ಹೊಡೆದು ನನ್ನದನ್ನು ಬರೆಯಿರಿ. ಅದಕ್ಕೆ ದಂಡವಿದ್ದರೆ ನಾಲ್ಕು ನೋಟು ಹಾಗೆಯೇ ಇಟ್ಟಿದ್ದೇನೆ. ಇಲ್ಲಿನ ನೋಟು ಪ್ಲಾಸ್ಟಿಕ್ಕಿನದು, ಒರೆಸಿದರೆ ಜಿಡ್ಡು ಹೋಗುತ್ತದೆ.

ಹೊಸ ಹೇಳಿಕೆಯನ್ನು ನಿಮಗೆ ಅಂಚೆಯಲ್ಲಿ ಕಳಿಸಿಯಾಗಿದೆ, ಈ ಸಲ ನಾನೇ ಹೋಗಿ ಹಾಕಿ ಬಂದೆ. ಅದನ್ನೇ ಇಲ್ಲಿ ಅಚ್ಚು ಹಾಕಿಸುತ್ತಿರುವುದು ಈರಯ್ಯನವರೂ ಓದಲಿ ಎಂದು. ಮೊದಲನೆಯದನ್ನು ಅವರೆದುರು ಬರೆದಿದ್ದೆ. ಎರಡನೆಯದಕ್ಕೂ ಅವರೇ ಸಾಕ್ಷಿಯಾಗಲಿ.

ಇಂತಿ,
ಮಗಳ ಓದಿಗೆ ಒಂದು ಡಾಲರನ್ನೂ ಕೊಟ್ಟಿಲ್ಲದ ತಂದೆ,
ಶಿವಪ್ರಕಾಶ
ಕೆಲ್ಲಿವಿಲ್, ಸಿಡ್ನಿ