ಏಳನೇ ಮಾಡ್ಯೂಲಿನ ತೋಳು

ತಾ. ೧೧, ಮಂಗಳವಾರ
ಅಂಗಡಿಯಿಂದ

ಪ್ರೀತಿಯ ಪುಟ್ಟಿಗೆ,

ಓದೋಕೆ ಮುಂಚೆ ಕವರ್ ನೋಡು. ಅಂಟನ್ನು ನಂಬೋಕಾಗಲ್ಲ ಅಂತ ಬಾಯಿಗೆ ಹೊಲಿಗೆ ಹಾಕಿದ್ದೀನಿ. ನೀಲಿ ದಾರ, ಹನ್ನೊಂದು ಹೊಲಿಗೆ. ನಾಳೆ ಕಾಜಾ ಅಕ್ಕನ ಗಂಡ ನಿನ್ನ ಕಾಲೇಜಿನ ಕಡೆ ಬರ್ತಾರಂತೆ, ಅವರ ಕೈಲಿ ಕಳಿಸ್ತಿದ್ದೀನಿ. ನಮ್ಮಂಗಡಿಗೆ ಗುಂಡಿ, ಕಾಜಾ ಹೊಲಿದುಕೊಡೋಳಿಗೆ ಇದನ್ನು ಬಿಚ್ಚಿ ಓದಿ ಮತ್ತೆ ಹೊಲಿಯೋದು ಎಷ್ಟು ಹೊತ್ತಿನ ಕೆಲಸ. ಆದರೆ ಅವಳ ಹೊಲಿಗೆ ನನ್ನದಕ್ಕಿಂತ ಒತ್ತಾಗಿರುತ್ತೆ, ನೋಡಿದರೆ ನಿನಗೆ ಗೊತ್ತಾಗುತ್ತೆ.

ಫೋನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಬೆಳಿಗ್ಗೆ ನೀನು ಫೋನ್ ಮಾಡಿದಾಗ ಗಿರಾಕಿ ಬಂದಿದ್ದಾರೆ ಅಂತ ಇಟ್ಟುಬಿಟ್ಟೆನಲ್ಲ, ಗಿರಾಕಿ ಯಾರೂ ಇರಲಿಲ್ಲ. ಖಾಲಿ ಅಂಗಡಿಯಲ್ಲಿ ಕತ್ತರಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ನಿನ್ನ ಹೊಲಿಗೆ ಪಾಠದ ಮಾಡ್ಯೂಲ್ ಓದಿಕೊಂಡು ಹತ್ತೊಂಬತ್ತು ಮಕ್ಕಳು ತಮ್ಮ ತಮ್ಮ ಅಳತೆಗೆ ಕೋಟು ಹೊಲಿದರು, ಹತ್ತೊಂಬತ್ತರ ತೋಳೂ ಒಂದೇ ಥರ ಹಿಂದೆ ಮುರುಟಿಕೊಂಡವು ಅಂದೆ. ನಿಮ್ಮ ಹೆಡ್ ಮೇಡಂ ಎಲ್ಲರ ಎದುರಿಗೆ, ಇದು ಪಾಠವೋ ಪಾಡೋ ಅಂದರಂತೆ. ಶುಕ್ರವಾರ ಕಮಿಟಿಯವರು ನೋಡ್ತಾರೆ, ಅವರು ಒಪ್ಪದಿದ್ದರೆ ಹನ್ನೆರಡೂ ಮಾಡ್ಯೂಲ್ ವಾಪಸ್, ನಿನ್ನ ಕೆಲಸ ಕಾಯಂ ಆಗೋದೂ ಅಷ್ಟೇ ಅಂದೆ. ಇಷ್ಟನ್ನೂ ಹೇಗೋ ತಡ್ಕೊಂಡೆ. ಕೊನೆಗೆ ಮೆತ್ತಗೆ, ನೀನು ಸರಿಯಾಗೇ ಹೇಳಿರ್ತೀಯ ಅಮ್ಮ, ನಾನೇ ಎಲ್ಲೋ ತಪ್ಪು ಬರ್ಕೊಂಡಿದ್ದೀನಿ ಅಂದೆಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡರಂತೆ. ನಾನು ನಿಜವಾಗಲೂ ಮುಟ್ಟಿ ನೋಡ್ಕೊಂಡೆ.

ನೀನು ತಪ್ಪು ಬರ್ಕೊಂಡಿಲ್ಲ ಪುಟ್ಟಿ.

ಹೇಗೆ ಶುರುವಾಯ್ತು ಹೇಳ್ತೀನಿ. ಭಾನುವಾರ ಭಾನುವಾರ ನೀನು ಮಾಡ್ಯೂಲ್ ಬರೆಯೋಕೆ ಅಂತ ಪುಸ್ತಕ ಹಿಡ್ಕೊಂಡು ಬಂದು, ನನ್ನ ಕೈಕೆಲಸಕ್ಕೆ ಫೋನ್ ಹಿಡಿದು ವಿಡಿಯೋ ಮಾಡ್ತಾ, ಅದು ಯಾಕೆ ಇದು ಯಾಕೆ ಅಂತ ಕೇಳೋಕೆ ಶುರು ಮಾಡಿದಾಗ ನನಗೆ ಖುಷಿನೇ ಆಗಿತ್ತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನ ಕಾಲೇಜಿನೋರು ಕೇಳ್ತಾರೆ ಅಂದರೆ ಆಗಲ್ವ. ಆದರೆ ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಖುಷಿಯಾದರೆ ಯಾಕೆ ಖುಷಿಯಾಯ್ತು ಅಂತ ಹೆದರ್ತೀನಿ. ಒಂದು ದಿನ ನೀನು ಸ್ನಾನಕ್ಕೆ ಹೋದಾಗ ನಿನ್ನ ಚೀಲದಲ್ಲಿದ್ದ ಮಾಡ್ಯೂಲ್ ಕಾಗದ ತೆಗೆದೆ. ಸಣ್ಣ ಅಕ್ಷರ, ಓದೋಕಾಗಲಿಲ್ಲ, ಕಾಜಾ ಅಕ್ಕನಿಗೆ ಕೊಟ್ಟೆ. ಸಿದ್ಧಪಡಿಸಿದವರು ಅಂತ ಇದ್ದ ಕಡೆ ನಿನ್ನ ಹೆಸರಿತ್ತು, ನಿಮ್ಮ ಹೆಡ್ ಮೇಡಂ ಹೆಸರಿತ್ತು. ಕಾಜಾ ಅಕ್ಕ ಕನ್ನಡಕ ತೆಗೆದು, ನಿನ್ನ ಕೈನೇ ಕತ್ತರಿಸಿಕೊಂಡು ಹೋಗ್ತಿದ್ದಾರೆ ಕಣೇ, ಇನ್ನು ನಿನ್ನ ಹತ್ರ ಯಾರು ಬರ್ತಾರೆ, ಮಗಳೂ ಬರಲ್ಲ ಅಂದಳು. ಕಿವಿಯೊಳಗೆ ಹುಳ ಬಿಟ್ಟು ಅವಳು ಮನೆಗೆ ಹೋದಳು. ಹುಳ ನನ್ನ ಹತ್ರಾನೇ ಉಳೀತು.

ಮುಂದಿನ ಭಾನುವಾರ ಏಳನೇ ಮಾಡ್ಯೂಲು, ಕೋಟಿಗೆ ತೋಳು ಕೂರಿಸೋದು. ಮಧ್ಯದಲ್ಲಿ ನೀರು ತಗೊಂಡು ಬಾ ಅಂತ ನಿನ್ನ ಒಳಗೆ ಕಳಿಸಿದ್ದು ನೆನಪಿದೆಯ? ನನಗೆ ಬಾಯಾರಿಕೆ ಇರಲಿಲ್ಲ. ನೀನು ಬರೋದ್ರೊಳಗೆ ಕೋಟು ನಾನೇ ಹಾಕ್ಕೊಂಡು ಮಾಡೋದನ್ನ ಮಾಡಿ ಮುಗಿಸಿದೆ. ಆಮೇಲೆ ಬಟ್ಟೆ ಕತ್ತರಿಸೋ ಅಳತೆ ಕಾಗದದ ಗುರುತಿಗೆ ಗುರುತು ಸೇರಿಸಿ ಹೊಲಿದರಾಯ್ತು ಅಂದೆ. ನೀನು ಹಾಗೇ ಬರ್ಕೊಂಡೆ.

ನಮ್ಮ ಕಸುಬಲ್ಲಿ ಇದೇನೂ ಹೊಸದಲ್ಲ. ನನಗೆ ಹೊಲಿಗೆ ಕಲಿಸಿದ ಮಾಸ್ತರರೂ ಇದನ್ನ ಹೇಳಿಕೊಟ್ಟಿಲ್ಲ, ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸೋರು. ಗಿರಾಕಿಗಳು ನೋಡ್ಕೊಳ್ಳೋ ಕನ್ನಡಿಯಲ್ಲಿ ಕದ್ದು ನೋಡಿ ಕಲಿಯೋಕೆ ಎರಡು ವರ್ಷ ಹಿಡೀತು. ಆವತ್ತು ಅವರನ್ನ ಮನಸ್ಸಲ್ಲೇ ಬೈಕೊಂಡಿದ್ದೆ. ಈಗ ನಾನೇ ಮಗಳಿಗೆ ಬೆನ್ನು ತಿರುಗಿಸಿದೆ.

ಬರ್ಕೋ. ತೋಳನ್ನ ಹೆಗಲ ತುದಿಗೆ ಒಂದೇ ಒಂದು ಪಿನ್ನಲ್ಲಿ ಸಿಕ್ಕಿಸು. ಕೋಟು ಯಾರದೋ ಅವರಿಗೇ ಹಾಕಿ, ಕೈ ಇಳಿಬಿಟ್ಟು ನಿಲ್ಲೋಕೆ ಹೇಳು. ಫೋಟೋಗೆ ನಿಂತ ಹಾಗೆ ಸೆಟೆದು ಅಲ್ಲ, ಬಸ್ಸಿಗೆ ಕಾದು ಬೇಜಾರಾದ ಹಾಗೆ. ಆಗ ತೋಳು ತಾನಾಗೇ ತಿರುಗಿ ಒಂದು ಕಡೆ ನಿಲ್ಲುತ್ತೆ. ಬಹಳ ಜನಕ್ಕೆ ಅರ್ಧ ಬೆರಳು ಮುಂದಕ್ಕೆ ಬರುತ್ತೆ, ಕೆಲವರಿಗೆ ಇನ್ನೂ ಜಾಸ್ತಿ. ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಗೆ ಹೊಲಿ. ಕಾಗದದ ಗುರುತು ಬರೀ ಅಂದಾಜು. ಇಷ್ಟೇ. ಎರಡು ವರ್ಷ ಕದ್ದು ಕಲಿತಿದ್ದು ಬರೆದರೆ ಇಷ್ಟೇ ಉದ್ದ ಆಯ್ತು.

ಹತ್ತೊಂಬತ್ತೂ ಬಿಚ್ಚಿಸಬೇಡ, ಮಕ್ಕಳು ಶಾಪ ಹಾಕ್ತಾರೆ. ಎರಡು ಬಿಚ್ಚಿ ಹೊಸದಾಗಿ ಕೂರಿಸಿ, ಹಳೇದರ ಪಕ್ಕ ನಿಲ್ಲಿಸಿ ಕಮಿಟಿಗೆ ತೋರಿಸು. ಯಾರ ತಪ್ಪು ಅಂತ ಕೇಳಿದರೆ ಹೇಳಿಕೊಟ್ಟವಳು ಮುಚ್ಚಿಟ್ಟಿದ್ದಳು ಅಂತ ಧೈರ್ಯವಾಗಿ ಹೇಳು. ನಿಮ್ಮ ಹೆಡ್ ಮೇಡಂ ಮುಖ ನೋಡಿಕೊಂಡೇ ಹೇಳು, ಆಯಮ್ಮನ ಮೇಲೆ ನನಗೆ ಇವತ್ತಿಗೂ ಅನುಮಾನಾನೇ. ನನ್ನ ಹೆಸರು ಹಾಕು ಅಂತ ಕೇಳ್ತಿಲ್ಲ. ಹಾಕಿದರೆ ಬೇಡ ಅನ್ನೋದೂ ಇಲ್ಲ.

ಮಿಕ್ಕ ಹನ್ನೊಂದರಲ್ಲಿ ಏನೂ ಮುಚ್ಚಿಟ್ಟಿಲ್ಲ. ನಂಬೋಕಾಗದಿದ್ದರೆ ಒಂದೊಂದನ್ನೂ ಹೊಲಿದು ನೋಡು. ಬೈಯೋದಾದರೆ ಶುಕ್ರವಾರ ಮುಗಿಸ್ಕೊಂಡು ಬೈಯಿ.

ನಿನ್ನನ್ನೂ ನಂಬದೇ ಹೋದ
ಅಮ್ಮ

ತಾ. ಕ.: ಮೊನ್ನೆ ಭಾನುವಾರ ನೀನು ಮರೆತು ಹೋದ ಚೀಲ ಇಲ್ಲೇ ಇದೆ. ಅದನ್ನೂ ನೋಡಿದೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ. ಈ ಸಲ ಒಳಗಿದ್ದ ಕಾಗದ ಕಾಜಾ ಅಕ್ಕನಿಗೆ ಕೊಡದೆ, ಬೆರಳಿಟ್ಟು ನಾನೇ ಓದಿದೆ. ಹನ್ನೆರಡೂ ಮಾಡ್ಯೂಲ್ ತಲುಪಿದೆ ಅಂತ ಕಾಲೇಜಿನ ಮೊಹರು ಬಿದ್ದಿರೋದು ಹೋದ ತಿಂಗಳು ಇಪ್ಪತ್ತನೇ ತಾರೀಖು. ಅದಾದ ಮೇಲೂ ನೀನು ಮೂರು ಭಾನುವಾರ ಬಂದು, ನಾಲ್ಕನೇ ಮಾಡ್ಯೂಲಲ್ಲೇ ಮುಗಿದಿದ್ದ ಗುಂಡಿ ವಿಷಯ ಮತ್ತೆ ಕೇಳಿದೆ. ನನಗೆ ಮರೆವು ಬಂದಿದೆಯ ಅಂತ ಪರೀಕ್ಷೆ ಮಾಡ್ತಿದ್ದೀಯ ಅಂದುಕೊಂಡೆ. ನಿನ್ನ ಪುಸ್ತಕ ತೆಗೆದೆ. ಆ ಮೂರು ಭಾನುವಾರದ ಪುಟದಲ್ಲಿ ತಾರೀಖು ಬಿಟ್ಟರೆ ಒಂದಕ್ಷರ ಇಲ್ಲ. ಅಷ್ಟು ಹೊತ್ತು ತಲೆ ಬಗ್ಗಿಸಿ ಬರೆಯೋ ಹಾಗೆ ಮಾಡ್ತಿದ್ದೆಯಲ್ಲೇ, ಕಳ್ಳಿ. ಈ ಭಾನುವಾರ ಪುಸ್ತಕ ಬೇಕಿಲ್ಲ, ಬರೀ ಕೈಯಲ್ಲಿ ಬಾ.