ಆರಕ್ಕೆ ಹನ್ನೊಂದು, ಹನ್ನೊಂದಕ್ಕೆ ಆರು

ಮಾರ್ಚ್ 3, ಸೋಮವಾರ

ಎರಡು ಕ್ಲಾಸು ಮುಗಿಸಿ ಸ್ಟಾಫ್ ರೂಮಿಗೆ ಬಂದೆ. ತೋಳಿಗೆಲ್ಲ ಚಾಕ್ ಪುಡಿ. ಗಣಿತ ಪತ್ರಿಕೆಯಿಂದ ಇನ್ನೂ ಉತ್ತರವಿಲ್ಲ. ಲೇಖನ ಕಳಿಸಿ ಐದು ತಿಂಗಳು. ಮೇಲ್ ತೆರೆದು ನೋಡುವುದೇ ಒಂದು ಚಟವಾಗಿದೆ.

ಊಟಕ್ಕೆ ಕೂತಾಗ ತಂಗಿ ಕೇಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ನಾವಿಬ್ಬರೇ.

"ಹದಿನಾಲ್ಕು ವರ್ಷ ಅದೇನಕ್ಕಾ ಹುಡುಕಿದ್ದು? ನನ್ನ ತಲೆಗೆ ಹೋಗೋ ಹಾಗೆ ಹೇಳು."

ಹೇಳಿದೆ. ಪರಿಮಿತ ಕ್ಷೇತ್ರ ಎಂದರೆ ಎಣಿಸಿ ಮುಗಿಯುವಷ್ಟೇ ಸಂಖ್ಯೆಗಳಿರುವ ಲೋಕ. ಕೂಡಿದರೂ ಗುಣಿಸಿದರೂ ಉತ್ತರ ಅದರೊಳಗೇ ಸಿಗಬೇಕು. ಅಲ್ಲಿ ಇನ್ನೂ ಸಣ್ಣ ಬಹುಪದೋಕ್ತಿಗಳಾಗಿ ಒಡೆಯದ, ನಾವು ಕೇಳಿದಷ್ಟು ದೊಡ್ಡದಾದ ಒಂದು ಬಹುಪದೋಕ್ತಿ ಬೇಕು. ಅಂಥವು ಬೇಕಾದಷ್ಟಿವೆ. ಕಣ್ಣು ಮುಚ್ಚಿ ಕೈ ಹಾಕುತ್ತಾ ಹೋದರೆ ಒಂದು ಸಿಕ್ಕೇ ಸಿಗುತ್ತದೆ. ಆದರೆ ಅದೃಷ್ಟವನ್ನು ನೆಚ್ಚದೆ, ಬೇಗನೆ, ಪ್ರತಿ ಸಲವೂ ಇಗೋ ಎಂದು ಕಟ್ಟಿಕೊಡುವ ವಿಧಾನ ಯಾರಿಗೂ ಗೊತ್ತಿಲ್ಲ. ನಾನು ಕಂಡುಹಿಡಿದಿದ್ದೇನೆ.

"ಒಡೀದೇ ಇರೋದು ತಾನೇ? ನಮ್ಮ ಹೆಡ್ ನರ್ಸ್ ಮುಖ ತೋರಿಸ್ತೀನಿ ಬಾ. ಹತ್ತು ವರ್ಷದಲ್ಲಿ ಒಂದು ನಗುವಿಗೂ ಒಡೆದಿಲ್ಲ."

ಇಬ್ಬರೂ ಅನ್ನ ನೆತ್ತಿಗೇರುವಷ್ಟು ನಕ್ಕೆವು.

ಮಾರ್ಚ್ 9, ಭಾನುವಾರ

ಮೇಷ್ಟ್ರ ಮನೆಗೆ. ನನ್ನ ಪಿಎಚ್‌ಡಿ ಗೈಡ್. ಈ ಸಮಸ್ಯೆಯನ್ನು ನನ್ನ ಕೈಗಿಟ್ಟವರು. ತಾವೇ ಮೂವತ್ತು ವರ್ಷ ಗುದ್ದಾಡಿ ಕೈಬಿಟ್ಟದ್ದು. ಈಗ ಶ್ವಾಸಕೋಶ ಸೋತಿದೆ. ಮಂಚದ ಪಕ್ಕ ಆಕ್ಸಿಜನ್ ಮಷಿನ್ನಿನ ಗೊರಗೊರ. ಸ್ಟೂಲಿನ ಮೇಲೆ, ಮಾತ್ರೆಗಳ ಜೊತೆ, ನನ್ನ ನಲವತ್ತೆಂಟು ಪುಟ. ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ನಲ್ಲಿ ರಿಪೇರಿಗೆ ಬಂದ ಪ್ಲಂಬರಿಗೂ ತೋರಿಸಿದರಂತೆ.

"ಅವನೇನಂದ ಸರ್?"

"ಎಲ್ಲೂ ಲೀಕ್ ಇಲ್ವಲ್ಲ ಸಾರ್ ಅಂದ. ಇಲ್ಲ ಕಣಪ್ಪ, ನಾನೇ ಎರಡು ಸಲ ನೋಡಿದ್ದೀನಿ ಅಂದೆ."

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 11

ಪತ್ರಿಕೆಯಿಂದ ಮೇಲ್. ಲೇಖನ ಪರಿಶೀಲಿಸಿದವರು ಬರೆದದ್ದು ನಾಲ್ಕೇ ಸಾಲು. ಆರನೆಯ ಹೆಜ್ಜೆ ಹನ್ನೊಂದನೆಯದರ ಮೇಲೆ ನಿಂತಿದೆ. ಹನ್ನೊಂದನೆಯದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಲೇಖಕರು ದಯವಿಟ್ಟು ನೋಡಬೇಕು.

ಮಧ್ಯಾಹ್ನ 2

ನೋಡಿದೆ. ಆರರ ಮೇಲೆ.

ಮಾರ್ಚ್ 15

ಆರಕ್ಕೆ ಹನ್ನೊಂದು ಆಧಾರ. ಹನ್ನೊಂದಕ್ಕೆ ಆರು. ನೆಲಕ್ಕೆ ಕಾಲೂರಿದ್ದು ಯಾವುದೂ ಇಲ್ಲ.

ಮಾರ್ಚ್ 21

ಏಳು ದಿನ. ಹನ್ನೊಂದನ್ನು ಬೇರೆ ದಾರಿಯಿಂದ ಸಾಧಿಸಲು ನೋಡಿದೆ. ಯಾರೂ ಇನ್ನೂ ಸಾಧಿಸದ ಒಂದು ಊಹೆಯನ್ನು ನಿಜವೆಂದು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ. ಆದರೆ ಅದನ್ನು ಒಪ್ಪಿದರೆ ಈ ಸಮಸ್ಯೆ ಎಂದೋ ಬಗೆಹರಿದಿದೆ. ನನ್ನ ಪುಟಗಳ ಅಗತ್ಯವೇ ಇಲ್ಲ.

ಇವತ್ತು ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿ ಸುಮ್ಮನೆ ನಿಂತುಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ ಕೆಮ್ಮಿದಾಗಲೇ ಎಚ್ಚರ.

ಮಾರ್ಚ್ 23, ಭಾನುವಾರ

ಮೇಷ್ಟ್ರ ಹೆಂಡತಿ, ಅಮ್ಮಾವ್ರು, ಬಾಗಿಲಲ್ಲೇ ತಡೆದರು. ಮುಖ ನೋಡಿಯೇ ತಿಳಿದಿರಬೇಕು.

"ತಪ್ಪಿದೆಯಾ?"

"ಹೌದಮ್ಮ."

"ಸರಿಹೋಗುತ್ತಾ?"

"ಗೊತ್ತಿಲ್ಲ."

"ಹಾಗಾದ್ರೆ ಒಳಗೆ ಹೇಳ್ಬೇಡ. ಇನ್ನೆಷ್ಟು ದಿನವೋ ಏನೋ. ಇದೊಂದನ್ನ ಹಿಡ್ಕೊಂಡೇ ಉಸಿರಾಡ್ತಿದ್ದಾರೆ."

ಒಳಗೆ ಮೇಷ್ಟ್ರು— "ಏನಮ್ಮ, ಉತ್ತರ ಬಂತಾ ನಿನಗೆ?"

"ಇನ್ನೂ ಇಲ್ಲ ಸರ್."

ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಏಪ್ರಿಲ್ 6, ಭಾನುವಾರ

ಬರೆಯದೆ ಎರಡು ವಾರ. ಇವತ್ತಿನದನ್ನು ಬರೆದಿಡಬೇಕು.

ಮೇಷ್ಟ್ರು ದಿಂಬಿಗೆ ಒರಗಿ ಕೂತಿದ್ದರು. ಶೇವ್ ಮಾಡಿಸಿಕೊಂಡಿದ್ದರು. "ಆರನೆಯ ಹೆಜ್ಜೆ ಬಾಯಲ್ಲಿ ಹೇಳು. ಓದೋಕೆ ಕಣ್ಣು ನಿಲ್ತಿಲ್ಲ. ಒಂದು ಸಲ ಪೂರ್ತಿ ಕೇಳಿಬಿಡ್ತೀನಿ." ಬಾಗಿಲಲ್ಲಿ ಅಮ್ಮಾವ್ರು. ನನ್ನನ್ನೇ ನೋಡುತ್ತಿದ್ದರು.

ಶುರು ಮಾಡಿದೆ. ಮೂರು ವಾಕ್ಯ. ನಾಲ್ಕನೆಯದಕ್ಕೆ ನಾಲಿಗೆ ಏಳಲಿಲ್ಲ. ಬೇರೆ ಯಾವ ವಿಷಯದಲ್ಲಾದರೂ ಸುಳ್ಳು ಹೇಳಿಯೇನು. ಗಣಿತದಲ್ಲಿ ಆಗಲಿಲ್ಲ.

"ಸರ್, ಇದು ನಿಲ್ಲೋದಿಲ್ಲ. ಹನ್ನೊಂದು ಮತ್ತೆ ಆರರ ಮೇಲೇ ನಿಂತಿದೆ."

ಮೇಷ್ಟ್ರು ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ಪುಟ ತಿರುವುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು.

"ಯಾವತ್ತು ಗೊತ್ತಾಯ್ತು?"

"ಮೂರು ವಾರ ಆಯ್ತು."

"ಆಮೇಲೂ ಬಂದು ಕೂತು ಹೋದ್ರಿ."

ಹೋದ್ರಿ. ಹದಿನಾಲ್ಕು ವರ್ಷ ನನ್ನನ್ನು ನೀನು ಎಂದವರು.

"ತಪ್ಪು ಯಾರಿಗಾದ್ರೂ ಆಗುತ್ತೆ. ನನಗೂ ಕಾಣಲಿಲ್ಲ. ಅದಲ್ಲ…" ಉಸಿರು ಕೂಡಿಸಿಕೊಂಡು— "ನೀವಿನ್ನು ಹೊರಡಿ."

ಏಪ್ರಿಲ್ 7

ಲೇಖನ ಹಿಂತೆಗೆದುಕೊಂಡೆ. ಎರಡು ಸಾಲಿನ ಮೇಲ್, ಮುಗಿಯಿತು. ತಂಗಿ ಪಕ್ಕದಲ್ಲಿ ಬಂದು ಕೂತಳು. ತಮಾಷೆ ಮಾಡಲಿಲ್ಲ. ಅದಕ್ಕೇ ಭಯವಾಯಿತು.

ಏಪ್ರಿಲ್ 13, ಭಾನುವಾರ

ಹೋದೆ. ಮಲಗಿದ್ದಾರೆ ಎಂದರು ಅಮ್ಮಾವ್ರು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬಂದೆ.

ಏಪ್ರಿಲ್ 19

ಬುಧವಾರ ಹೋಗಿಬಿಟ್ಟರು. ಮೇಷ್ಟ್ರು.

ಅಮ್ಮಾವ್ರು ಆ ನಲವತ್ತೆಂಟು ಪುಟ ವಾಪಸ್ ಕೊಟ್ಟರು. "ನಾನು ಹೇಳಿದ್ದೆ" ಎಂದರು. ಅಷ್ಟೇ. ಮನೆಗೆ ತಂದು ಒಂದೊಂದೇ ಹಾಳೆ ತಿರುವಿದೆ. ಒಂದು ಪೆನ್ಸಿಲ್ ಗುರುತು, ಮಡಿಸಿದ ಮೂಲೆ, ಅಡ್ಡಗೆರೆ… ಏನಾದರೂ. ಇಲ್ಲ. ಇಪ್ಪತ್ತನೆಯ ಪುಟದಲ್ಲಿ ಔಷಧಿಯ ಕಲೆ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ 3

ನಾಲ್ಕಕ್ಕೆ ಡಿಪಾರ್ಟ್‌ಮೆಂಟಿನಲ್ಲಿ ಸಂತಾಪ ಸಭೆ. ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದ್ದರು. "ಅವರ ಬಗ್ಗೆ ನೀವೇ ಎರಡು ಮಾತಾಡಿ ಮೇಡಂ. ಸಮಸ್ಯೆ ಬಗೆಹರಿದದ್ದನ್ನ ಕಣ್ಣಾರೆ ನೋಡಿ ಹೋದ್ರಲ್ಲ, ಅಷ್ಟೇ ಸಮಾಧಾನ."

ಸುದ್ದಿ ಅವರಿಗೆ ಮುಟ್ಟಿಲ್ಲ. ನಾನೂ ಹೇಳಲಿಲ್ಲ. ಅಮ್ಮಾವ್ರು ಬರುತ್ತಾರಂತೆ.

ಬರೆಯಲು ಕೂತೆ. ಸಮಸ್ಯೆ ಹಾಗೇ ಇದೆ ಎಂದು ಬರೆದೆ. ಹೊಡೆದುಹಾಕಿದೆ. ಮತ್ತೆ ಅದನ್ನೇ ಬರೆದೆ.

ತಂಗಿ ಚಪ್ಪಲಿ ಮೆಟ್ಟಿ ಕಾಯುತ್ತಿದ್ದಾಳೆ. "ಅಕ್ಕಾ, ಹೊತ್ತಾಯ್ತು."

ಒಂದು ವಾಕ್ಯ ಸಾಕು. ನಿಜವಾದದ್ದು. ಅಮ್ಮಾವ್ರ ಎದುರು ನಿಂತು ಹೇಳಬಹುದಾದದ್ದು. ಮೇಷ್ಟ್ರು ನನಗೆ—